ಬೇಲಿಯೇ ಹೊಲ ಮೇಯ್ದಾಗ

ಸಾಮ್ರಾಜ್ಯಗಳ ಅವನತಿಗೆ ಕಾರಣಗಳೇನು ಎಂಬ ಪ್ರಶ್ನೆಯನ್ನು ಪ್ರೌಢಶಾಲೆಯ ಮಕ್ಕಳಿಗೆ ಮೂವತ್ತು ವರ್ಷಗಳಿಗೂ ಮಿಕ್ಕಿ ಕೇಳುತ್ತ ಬಂದವನು ನಾನು. ಹೊರಗಿನವರ ದಾಳಿ, ಒಳಜಗಳ, ದುರ್ಬಲ ಉತ್ತರಾಧಿಕಾರಿಗಳು ಎಂದು ಮಕ್ಕಳು ಒಂದು, ಎರಡು, ಮೂರು ಹಾಕಿ ಬರೆಯುತ್ತಿದ್ದರು. ಇತಿಹಾಸದ ಮೇಷ್ಟರಿಗೆ ನಿವೃತ್ತಿಯಾದರೂ ಆ ಪ್ರಶ್ನೆಗೆ ನಿವೃತ್ತಿಯಿಲ್ಲ. ಅದು ಈಚೆಗೆ ನನ್ನೆದುರು ಬಂದು ನಿಂತದ್ದು ಒಂದು ಸಾಮ್ರಾಜ್ಯದ ಕಥೆಯಲ್ಲಿ ಅಲ್ಲ, ಸ್ಕಾಟ್ಲೆಂಡಿನ ಒಂದು ಪುಟ್ಟ ಕಾಲ್ಚೆಂಡಿನ ಕ್ಲಬ್ಬಿನ ಕಥೆಯಲ್ಲಿ. ಕ್ಲಬ್ಬಿನ ಹೆಸರು ಥರ್ಡ್ ಲ್ಯಾನಾರ್ಕ್. ತೊಂಬತ್ತೈದು ವರ್ಷ ಬಾಳಿ, 1967ರಲ್ಲಿ ಅದು ಕಣ್ಮುಚ್ಚಿತು.

ಮೊದಲು ಅದರ ಹುಟ್ಟನ್ನು ನೋಡೋಣ. 1872ರ ನವೆಂಬರ್ 30ರಂದು ಗ್ಲಾಸ್ಗೋ ನಗರದ ಒಂದು ಕ್ರಿಕೆಟ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ತಂಡಗಳು ಕಾಲ್ಚೆಂಡಾಟದ ಮೊದಲ ಅಂತಾರಾಷ್ಟ್ರೀಯ ಪಂದ್ಯವನ್ನಾಡಿದವು. ಒಂದು ಗೋಲೂ ಆಗಲಿಲ್ಲ. ಆದರೆ ಆ ಆಟ ಹಚ್ಚಿದ ಹುಚ್ಚು ದೊಡ್ಡದು. ಎರಡು ವಾರ ಕಳೆಯುವುದರೊಳಗೆ, ಡಿಸೆಂಬರ್ 12ರಂದು, ಅದೇ ಊರಿನ ‘ಥರ್ಡ್ ಲ್ಯಾನಾರ್ಕ್‌ಷೈರ್ ರೈಫಲ್ ವಾಲಂಟಿಯರ್ಸ್’ ಎಂಬ ಸ್ವಯಂಸೇವಕ ಸೈನಿಕ ದಳದವರು ತಮ್ಮದೊಂದು ತಂಡವನ್ನು ಕಟ್ಟಿಕೊಂಡರು. ಮರುವರ್ಷ ಸ್ಕಾಟಿಷ್ ಫುಟ್ಬಾಲ್ ಸಂಸ್ಥೆಯನ್ನು ಸ್ಥಾಪಿಸಿದ ಎಂಟು ಕ್ಲಬ್ಬುಗಳಲ್ಲಿ ಇದೂ ಒಂದು. 1890ರಲ್ಲಿ ಸ್ಕಾಟಿಷ್ ಲೀಗ್ ಆರಂಭವಾದಾಗ ಅಲ್ಲಿಯೂ ಸ್ಥಾಪಕ ಸದಸ್ಯನಾಗಿತ್ತು. ಎಂದರೆ, ಆ ನಾಡಿನ ಆಟದ ಮನೆಗೆ ತಳಪಾಯದ ಕಲ್ಲು ಇಟ್ಟವರಲ್ಲಿ ಇವರೂ ಸೇರಿದ್ದರು.

ಅಭಿಮಾನಿಗಳು ಇದನ್ನು ‘ಹೈ ಹೈ’ ಎಂದು ಕರೆಯುತ್ತಿದ್ದರು. ಯಾವನೋ ರಕ್ಷಣಾ ಆಟಗಾರನೊಬ್ಬ ಚೆಂಡನ್ನು ಮೈದಾನದಾಚೆ ಬೀಳುವಂತೆ ಆಕಾಶಕ್ಕೆ ಒದ್ದಾಗ ಜನ ‘ಎತ್ತರಕ್ಕೆ, ಎತ್ತರಕ್ಕೆ’ ಎಂಬರ್ಥದಲ್ಲಿ ಹಾಗೆ ಕೂಗಿದರೆಂದೂ, ಆ ಕೂಗೇ ಹೆಸರಾಗಿ ಉಳಿಯಿತೆಂದೂ ಪ್ರತೀತಿ. ಕೂಗಿಗೆ ತಕ್ಕ ಎತ್ತರವನ್ನೂ ತಂಡ ಕಂಡಿತು. 1889ರಲ್ಲಿ ಸೆಲ್ಟಿಕ್ ತಂಡವನ್ನು ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು. ಆ ಫೈನಲ್ ಪಂದ್ಯ ಹಿಮ ಸುರಿಯುವಾಗ ನಡೆದು, ಅದನ್ನು ಅಸಿಂಧುವೆಂದು ಸಾರಿ ಮತ್ತೊಮ್ಮೆ ಆಡಿಸಿದರು; ಎರಡು ಬಾರಿಯೂ ಗೆದ್ದದ್ದು ಥರ್ಡ್ ಲ್ಯಾನಾರ್ಕೇ! 1904ರಲ್ಲಿ ಲೀಗ್ ಚಾಂಪಿಯನ್ ಪಟ್ಟ. 1905ರಲ್ಲಿ ರೇಂಜರ್ಸ್ ವಿರುದ್ಧ ಮತ್ತೊಂದು ಸ್ಕಾಟಿಷ್ ಕಪ್. 1923ರಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೂ ಹೋಗಿ ಆಡಿ ಬಂದರು. 1903ರಿಂದ ಅವರ ಮನೆಯಾಗಿದ್ದುದು ಕ್ಯಾತ್ಕಿನ್ ಪಾರ್ಕ್. ಕ್ವೀನ್ಸ್ ಪಾರ್ಕ್ ಕ್ಲಬ್ಬು ಈಗಿನ ಹ್ಯಾಂಪ್ಡನ್ ಕ್ರೀಡಾಂಗಣಕ್ಕೆ ಹೋಗುವಾಗ ತೆರವು ಮಾಡಿದ ಹಳೆಯ ಹ್ಯಾಂಪ್ಡನ್ನೇ ಅದು.

ಒಂದೇ ಊರಿನಲ್ಲಿ ಸೆಲ್ಟಿಕ್, ರೇಂಜರ್ಸ್ ಎಂಬ ಎರಡು ಮಹಾವೃಕ್ಷಗಳಿರುವಾಗ ಮೂರನೆಯ ಗಿಡಕ್ಕೆ ಬಿಸಿಲು ಸಿಗುವುದು ಕಷ್ಟ. ಜನವೂ ಹಣವೂ ಅವರ ಕಡೆಗೇ ಹರಿಯುತ್ತಿದ್ದವು. ಆದರೂ ಈ ಗಿಡ ಒಣಗಿರಲಿಲ್ಲ. 1960-61ರ ಋತುವಿನಲ್ಲಿ ರೇಂಜರ್ಸ್‌ನ ಮಾಜಿ ನಾಯಕ ಜಾರ್ಜ್ ಯಂಗ್ ಅವರ ಮಾರ್ಗದರ್ಶನದಲ್ಲಿ ತಂಡವು 34 ಲೀಗ್ ಪಂದ್ಯಗಳಲ್ಲಿ ಸರಿಯಾಗಿ 100 ಗೋಲು ಹೊಡೆದು ಮೂರನೆಯ ಸ್ಥಾನ ಪಡೆಯಿತು. ಅಲೆಕ್ಸ್ ಹಾರ್ಲಿ ಎಂಬ ಆಟಗಾರನೊಬ್ಬನದೇ ಅದರಲ್ಲಿ 42 ಗೋಲು. ಸಾಯುತ್ತಿರುವವನ ನಾಡಿ ಹೀಗೆ ಮಿಡಿಯುತ್ತದೆಯೇ?

ಈಗ ಓದುಗರು ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ನಾಲ್ಕೇ ವರ್ಷಗಳ ನಂತರ, 1964-65ರಲ್ಲಿ, ಅದೇ ಕ್ಲಬ್ಬು ಅಷ್ಟೇ 34 ಪಂದ್ಯಗಳಲ್ಲಿ ಹೊಡೆದದ್ದು 22 ಗೋಲು; ಹೊಡೆಸಿಕೊಂಡದ್ದು 99. ಗೆಲುವು ಮೂರು, ಸಮ ಒಂದು, ಸೋಲು ಮೂವತ್ತು! ಮೊದಲ ದರ್ಜೆಯಿಂದ ಕೆಳಗೆ ಜಾರಿದ ತಂಡ ಮತ್ತೆ ಮೇಲೇಳಲಿಲ್ಲ.

ನಡುವೆ ಆದದ್ದೇನು? 1962ರಲ್ಲಿ ಬಿಲ್ ಹಿಡಲ್‌ಸ್ಟನ್ ಎಂಬ ಉದ್ಯಮಿ ಕ್ಲಬ್ಬಿನ ಆಡಳಿತದ ಹಿಡಿತ ಪಡೆದರು. ಜಾರ್ಜ್ ಯಂಗ್ ರಾಜೀನಾಮೆ ಕೊಟ್ಟು ಹೊರನಡೆದರು. ಹಾರ್ಲಿ ಮ್ಯಾಂಚೆಸ್ಟರ್ ಸಿಟಿಗೆ ಮಾರಾಟವಾದರು. ಡೇವ್ ಹಿಲೀ ನ್ಯೂಕ್ಯಾಸಲ್‌ಗೆ ಹೋದರು. ಒಬ್ಬೊಬ್ಬರಾಗಿ ಒಳ್ಳೆಯ ಆಟಗಾರರೆಲ್ಲ ಖಾಲಿಯಾದರು. ಮಾರಿದ ಹಣ ತಂಡಕ್ಕೆ ಮರಳಿದ ಗುರುತು ಮೈದಾನದಲ್ಲಿ ಕಾಣಲಿಲ್ಲ. ಸ್ನಾನಕ್ಕೆ ಬಿಸಿನೀರಿಲ್ಲದ ಕಥೆಗಳನ್ನು, ಗೇಟಿನಲ್ಲಿ ಸಂಗ್ರಹವಾದ ಚಿಲ್ಲರೆಯನ್ನೇ ಸಂಬಳವೆಂದು ಎಣಿಸಿ ಕೊಟ್ಟ ಕಥೆಗಳನ್ನು ಆ ಕಾಲದ ಆಟಗಾರರು ಮುಂದೆ ಹೇಳಿಕೊಂಡಿದ್ದಾರೆ. ಕ್ಯಾತ್ಕಿನ್ ಮೈದಾನವನ್ನು ಮನೆ ಕಟ್ಟುವವರಿಗೆ ಮಾರುವ ಯೋಜನೆಯೂ ಇತ್ತು. ನಮ್ಮ ಹಿರಿಯರು ಇಂಥದಕ್ಕೆ ಎಂದೋ ಒಂದು ಮಾತು ಕಟ್ಟಿಟ್ಟಿದ್ದಾರೆ: ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಕೊನೆಯ ದಿನಗಳು ಕರುಣಾಜನಕವಾಗಿದ್ದವು. 1967ರ ಏಪ್ರಿಲ್ 25ರಂದು ಕ್ಯಾತ್ಕಿನ್‌ನಲ್ಲಿ ಕ್ವೀನ್ ಆಫ್ ದ ಸೌತ್ ತಂಡದ ಎದುರು 3-3ರ ಸಮದಲ್ಲಿ ಮುಗಿದ ಪಂದ್ಯವನ್ನು ನೋಡಲು ಬಂದವರು ಕೆಲವೇ ನೂರು ಮಂದಿ. ಮೂರು ದಿನಗಳ ತರುವಾಯ ಡಂಬಾರ್ಟನ್ ಊರಿನಲ್ಲಿ 5-1ರಿಂದ ಸೋತರು. ಆ ಒಂದು ಗೋಲನ್ನು ಹೊಡೆದವನು ಡ್ರೂ ಬಸ್ಬಿ ಎಂಬ ಎಳೆಯ ಆಟಗಾರ. ತೊಂಬತ್ತೈದು ವರ್ಷಗಳ ಲೆಕ್ಕದ ಪುಸ್ತಕದಲ್ಲಿ ಅದೇ ಕೊನೆಯ ಜಮೆ. ಕೆಲವೇ ವಾರಗಳಲ್ಲಿ ಕ್ಲಬ್ಬು ದಿವಾಳಿಯಾಗಿ ಮುಚ್ಚಿತು. ಸರ್ಕಾರದ ವಾಣಿಜ್ಯ ಮಂಡಳಿ ನಡೆಸಿದ ವಿಚಾರಣೆಯಲ್ಲಿ ಆಡಳಿತದ ಅವ್ಯವಹಾರ ಬಯಲಾಯಿತು. ಕೆಲವು ಮಾಜಿ ನಿರ್ದೇಶಕರಿಗೆ ದಂಡವೂ ಬಿತ್ತು. ಹಿಡಲ್‌ಸ್ಟನ್ ಮಾತ್ರ ಅದೇ ನವೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು.

ವಿಧಿಯ ವ್ಯಂಗ್ಯ ನೋಡಿ. ಆ ಡಂಬಾರ್ಟನ್ ಪಂದ್ಯ ಮುಗಿದು ಇನ್ನೂ ನಾಲ್ಕು ವಾರ ತುಂಬಿರಲಿಲ್ಲ, ಮೇ 25ರಂದು ಲಿಸ್ಬನ್‌ನಲ್ಲಿ ಸೆಲ್ಟಿಕ್ ತಂಡ ಯುರೋಪಿಯನ್ ಕಪ್ ಗೆದ್ದಿತು. ಆಡಿದ ಹನ್ನೊಂದು ಮಂದಿಯೂ ಗ್ಲಾಸ್ಗೋದಿಂದ ಮೂವತ್ತು ಮೈಲಿಯೊಳಗೆ ಹುಟ್ಟಿದವರು. ಊರಿಗೆ ಊರೇ ಬೀದಿಗಿಳಿದು ಕುಣಿಯಿತು. ಮೇ 31ರಂದು ರೇಂಜರ್ಸ್ ಕೂಡ ಯುರೋಪಿನ ಇನ್ನೊಂದು ಕಪ್ಪಿನ ಫೈನಲ್ ಆಡಿ ಸೋತಿತು. ಗ್ಲಾಸ್ಗೋದ ಕಾಲ್ಚೆಂಡಾಟ ತನ್ನ ಶಿಖರದಲ್ಲಿದ್ದ ಬೇಸಗೆಯಲ್ಲಿಯೇ ಥರ್ಡ್ ಲ್ಯಾನಾರ್ಕಿನ ಉಸಿರು ನಿಂತಿತು. ಮದುವೆಮನೆಯ ಓಲಗದಲ್ಲಿ ಪಕ್ಕದ ಮನೆಯ ಅಳು ಕೇಳಿಸುವುದುಂಟೆ?

ಮಗನ ಉದ್ಯೋಗದ ನಿಮಿತ್ತ ಒಂದು ಬೇಸಗೆ ಗ್ಲಾಸ್ಗೋದಲ್ಲಿ ಕಳೆಯುವ ಅವಕಾಶ ನನಗೆ ಸಿಕ್ಕಿತ್ತು. ಸಂಜೆಯ ವಾಯುವಿಹಾರಕ್ಕೆಂದು ಹೋಗುತ್ತಿದ್ದ ಉದ್ಯಾನವೇ ಕ್ಯಾತ್ಕಿನ್ ಪಾರ್ಕ್ ಎಂದು ತಿಳಿದದ್ದು ಆಗ. ಮನೆ ಕಟ್ಟಲು ನಗರಾಡಳಿತ ಅನುಮತಿ ಕೊಡದಿದ್ದುದರಿಂದ ಮೈದಾನ ಸಾರ್ವಜನಿಕ ಉದ್ಯಾನವಾಗಿ ಉಳಿಯಿತು. ನಡುವೆ ಹಸಿರು ಅಂಕಣ ಈಗಲೂ ಇದೆ. ಮೂರು ಕಡೆ ಪ್ರೇಕ್ಷಕರು ನಿಲ್ಲುತ್ತಿದ್ದ ಕಾಂಕ್ರೀಟ್ ಮೆಟ್ಟಿಲುಗಳಿವೆ. ನೂಕುನುಗ್ಗಲನ್ನು ತಡೆಯಲು ಹಾಕಿದ್ದ ಕಬ್ಬಿಣದ ಅಡ್ಡಕಂಬಿಗಳಿವೆ. ಮೆಟ್ಟಿಲುಗಳ ಸಂದಿಯಿಂದ ಮರಗಳು ಎದ್ದು ನಿಂತಿವೆ. ಅಲ್ಲಿ ನಾಯಿಯೊಡನೆ ಅಡ್ಡಾಡುತ್ತಿದ್ದ ವೃದ್ಧರೊಬ್ಬರು ನನ್ನ ಕುತೂಹಲವನ್ನು ಕಂಡು ಮಾತಿಗೆ ನಿಂತರು. ಬಾಲ್ಯದಲ್ಲಿ ತಂದೆಯ ಹೆಗಲ ಮೇಲೆ ಕುಳಿತು ಆಟ ನೋಡುತ್ತಿದ್ದ ಜಾಗವನ್ನು ತೋರಿಸಿದರು. “ಈಗ ಯಾವ ತಂಡದ ಅಭಿಮಾನಿ ತಾವು?” ಎಂದು ಕೇಳಿದೆ. “ನನ್ನದು ಇದೇ,” ಎಂದು ಮೆಟ್ಟಿಲುಗಳ ಕಡೆ ಕೈ ತೋರಿಸಿದರು. ಮುಂದೆ ನಾನೇನನ್ನೂ ಕೇಳಲಿಲ್ಲ.

ಕೆಟ್ಟ ಒಡೆಯನಿಂದ ಕ್ಲಬ್ಬು ಕೆಟ್ಟಿತು, ಒಳ್ಳೆಯವನಿದ್ದರೆ ಉಳಿಯುತ್ತಿತ್ತು ಎಂದು ಕಥೆಯನ್ನು ಇಲ್ಲಿಗೇ ಮುಗಿಸಬಹುದು. ಆದರೆ ಸ್ಕಾಟ್ಲೆಂಡಿನದೇ ಇನ್ನೊಂದು ಉದಾಹರಣೆ ಹಾಗೆ ಮುಗಿಸಲು ಬಿಡುವುದಿಲ್ಲ. ಇಂಗ್ಲೆಂಡಿನ ಗಡಿಯಲ್ಲಿರುವ ಗ್ರೆಟ್ನಾ, ಸುಮಾರು ಮೂರು ಸಾವಿರ ಜನರ ಪುಟ್ಟ ಊರು. ಅದರ ಕ್ಲಬ್ಬು 2002ರಲ್ಲಿ ಸ್ಕಾಟಿಷ್ ಲೀಗಿಗೆ ಸೇರಿತು. ಬ್ರೂಕ್ಸ್ ಮೈಲ್ಸನ್ ಎಂಬ ಸಿರಿವಂತರು ಅದರ ಮೇಲೆ ಧಾರಾಳವಾಗಿ ಹಣ ಸುರಿದರು. ಮೂರು ವರ್ಷಗಳಲ್ಲಿ ಮೂರು ದರ್ಜೆ ಏರಿ 2007ರಲ್ಲಿ ಅತ್ಯುನ್ನತ ಲೀಗನ್ನು ಮುಟ್ಟಿತು. 2006ರ ಸ್ಕಾಟಿಷ್ ಕಪ್ ಫೈನಲ್ಲಿನಲ್ಲಿ ಹಾರ್ಟ್ಸ್ ತಂಡಕ್ಕೆ ಪೆನಾಲ್ಟಿಗಳಲ್ಲಷ್ಟೇ ಸೋತಿತು. 2008ರಲ್ಲಿ ಮೈಲ್ಸನ್ ಕಾಯಿಲೆ ಬಿದ್ದರು, ಹಣದ ಒರತೆ ಬತ್ತಿತು. ಆ ವರ್ಷವೇ ಕ್ಲಬ್ಬು ಮುಚ್ಚಿತು. ಹಿಡಲ್‌ಸ್ಟನ್ ಕ್ಲಬ್ಬಿನಿಂದ ತೆಗೆದರು, ಮೈಲ್ಸನ್ ಕ್ಲಬ್ಬಿಗೆ ಕೊಟ್ಟರು. ಫಲ ಮಾತ್ರ ಒಂದೇ. ಒಂಟಿ ಕಂಬದ ಮೇಲೆ ಮಂಟಪ ಕಟ್ಟಿದರೆ ಆ ಕಂಬ ಹುಳುಕಾದರೂ ಅಷ್ಟೇ, ಗಂಧದ ಮರದ್ದಾದರೂ ಅಷ್ಟೇ.

ಗ್ರೆಟ್ನಾದ ಅಭಿಮಾನಿಗಳು ಕೈಕಟ್ಟಿ ಕೂರಲಿಲ್ಲ. ಅದೇ ಬೇಸಗೆಯಲ್ಲಿ ತಾವೇ ಕೂಡಿ ‘ಗ್ರೆಟ್ನಾ 2008’ ಎಂಬ ಹೊಸ ಕ್ಲಬ್ಬನ್ನು ಕಟ್ಟಿ, ಕೆಳಗಿನ ದರ್ಜೆಯಿಂದ ಆಟ ಆರಂಭಿಸಿದರು. 2013ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಎಡಿನ್‌ಬರೋದ ಹಾರ್ಟ್ಸ್ ಕ್ಲಬ್ಬನ್ನು ಸಾವಿರಾರು ಅಭಿಮಾನಿಗಳು ತಿಂಗಳು ತಿಂಗಳೂ ಕೈಲಾದಷ್ಟು ಕೊಟ್ಟು ಉಳಿಸಿಕೊಂಡರು. 2021ರಲ್ಲಿ ಬಹುಪಾಲು ಷೇರುಗಳೇ ಅಭಿಮಾನಿಗಳ ಸಂಘಕ್ಕೆ ಸೇರಿದವು. ಹನಿಗೂಡಿದರೆ ಹಳ್ಳ. ಹಾಗೆ ಹನಿ ಹಾಕಿದವನಿಗೆ ಚಪ್ಪಾಳೆ ತಟ್ಟುವ ಹಕ್ಕಿನ ಜೊತೆಗೆ ಲೆಕ್ಕ ಕೇಳುವ ಹಕ್ಕೂ ಇರುತ್ತದೆ. ಕ್ಯಾತ್ಕಿನ್ ಮೆಟ್ಟಿಲುಗಳ ಮೇಲೆ ಮಳೆಯಲ್ಲಿ ನೆನೆಯುತ್ತ ನಿಂತವರಿಗೆ ಇಲ್ಲದೆ ಹೋದದ್ದು ಇದೊಂದೇ. ಟಿಕೆಟ್ ಕೊಂಡವರು ಅವರು, ತಲೆಮಾರುಗಟ್ಟಲೆ ಕೂಗಿದವರು ಅವರು. ಕಾಗದದ ಮೇಲೆ ಮಾತ್ರ ಕ್ಲಬ್ಬು ಅವರದಾಗಿರಲಿಲ್ಲ.

ಮಕ್ಕಳ ಉತ್ತರಪತ್ರಿಕೆಗಳಲ್ಲಿ ದಾಳಿ, ಒಳಜಗಳ, ದುರ್ಬಲ ಉತ್ತರಾಧಿಕಾರಿ ಎಂಬ ಮೂರು ಕಾರಣಗಳಿರುತ್ತಿದ್ದುವಷ್ಟೆ. ಈಗ ಪಾಠ ಹೇಳುವ ಅವಕಾಶವಿದ್ದರೆ ನಾಲ್ಕನೆಯದೊಂದನ್ನು ಸೇರಿಸಲು ಹೇಳುತ್ತಿದ್ದೆ: ಸಂಸ್ಥೆಯನ್ನು ಪ್ರೀತಿಸುವವರು ಒಂದು ಕಡೆ, ಅದರ ಬೀಗದ ಕೈ ಇನ್ನೊಂದು ಕಡೆ ಇರುವುದು.