ಗಾಳಕ್ಕೆ ಬಿದ್ದ ಮೀನಿನ ಹೇನು

ಮೀನಿಗೂ ಹೇನು ಹತ್ತುತ್ತದೆ. ಗಾಳದಿಂದ ಬಿಡಿಸಿದ ರೋಹು ಅಂಗೈಯಲ್ಲಿ ಒದ್ದಾಡುತ್ತಿರುವಾಗ ರೆಕ್ಕೆಯ ಬುಡದಲ್ಲಿ ಮಚ್ಚೆಯಂತೆ ಕಂಡದ್ದು ಸರಕ್ಕನೆ ಪಕ್ಕಕ್ಕೆ ಜಾರಿದರೆ, ಅದೇ ಹೇನು. ಶಾಸ್ತ್ರದ ಹೆಸರು ಆರ್ಗ್ಯುಲಸ್. ಹೇನೆಂದು ಕರೆದರೂ ಅದು ಕೀಟವಲ್ಲ, ಸಿಗಡಿ ಏಡಿಗಳ ದೂರದ ನೆಂಟ.

ಕೆಂಗೇರಿ, ವಿಜಯನಗರ, ಬಸವೇಶ್ವರನಗರದ ಗಾಳದ ಹುಚ್ಚಿನವರಿಗೆ ಮನೆ ಪಕ್ಕದ ಹೊಳೆಯೆಂದರೆ ವೃಷಭಾವತಿ. ಊರ ಕೊಳಚೆಯನ್ನೆಲ್ಲ ಹೊತ್ತು ಬೈರಮಂಗಲದ ಕಡೆ ಹರಿಯುವ ಆ ನೀರಿಗೆ ಗಾಳ ಇಳಿಸುವ ಮಾತೇ ಇಲ್ಲ. ಹೀಗಾಗಿ ಭಾನುವಾರ ಬೆಳಗ್ಗೆ ರಾಗಿಹಿಟ್ಟಿನ ಉಂಡೆ, ಎರೆಹುಳದ ಡಬ್ಬಿ ಕಟ್ಟಿಕೊಂಡು, ಅನುಮತಿ ಸಿಕ್ಕ ದೂರದ ಕೆರೆಯ ಏರಿಯನ್ನೇ ಹುಡುಕಬೇಕು. ಅಲ್ಲಿ ಸಿಗುವುದು ಕಾಟ್ಲಾ, ರೋಹು, ಬೇಡವೆಂದರೂ ಬಂದು ಕಚ್ಚುವ ಜಿಲೇಬಿ. ಬೆಂಡು ಅಲುಗದ ಹೊತ್ತಿನಲ್ಲಿ ಹೇನು ನೋಡುವುದೂ ಒಂದು ಸುಖವೇ.

ಸ್ಟೀಲ್ ಲೋಟದ ಕೆರೆನೀರಿಗೆ ಬಿಟ್ಟರೆ ಅದು ಲಾಗ ಹಾಕುತ್ತ ಈಜುತ್ತದೆ. ಭೂತಗನ್ನಡಿ ಹಿಡಿದರೆ ಚಪ್ಪಟೆಯಾದ, ಒಳಗಿನದೆಲ್ಲ ಹೊರಗೇ ಕಾಣುವ ಮೈ, ಎರಡು ಕಪ್ಪು ಕಣ್ಣು, ಹೊಟ್ಟೆಯ ಕಡೆ ಬಟ್ಟಲಿನಂಥ ಎರಡು ಹೀರುಗುಂಡಿ. ಇವುಗಳಿಂದಲೇ ಅದು ಜಾರುವ ಮೀನಿನ ಮೈಗೆ ಅಂಟಿಕೊಂಡು, ಸೂಜಿಯಂಥ ಮುಳ್ಳಿನಿಂದ ಚುಚ್ಚಿ ರಕ್ತ ಹೀರುತ್ತದೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಹೇನು ಮೀನನ್ನು ಬಿಟ್ಟು ಕಲ್ಲಿಗೋ ಕಡ್ಡಿಗೋ ಸಾಲಾಗಿ ಮೊಟ್ಟೆ ಅಂಟಿಸುತ್ತದೆ. ಮೀನು ಸಾಕುವ ಹೊಂಡಗಳಲ್ಲಿ ಬಿದಿರ ಗಳ, ಹಲಗೆ ಇಳಿಸಿಟ್ಟು, ಮೊಟ್ಟೆ ಹತ್ತಿದ ಮೇಲೆ ಮೇಲೆತ್ತಿ ಬಿಸಿಲಿಗೆ ಒಣಗಿಸುವ ಉಪಾಯ ಇದರಿಂದಲೇ ಹುಟ್ಟಿದ್ದು.

ಇನ್ನೊಂದು ಅಂಟುಗಾರ ಲೆರ್ನಿಯಾ, ಲಂಗರು ಹುಳ. 1758ರಲ್ಲಿ ಲಿನ್ನೇಯಸ್ ಹೆಸರಿಟ್ಟ ಇದು ನೋಡಲು ಮೀನಿನ ಮೈಗೆ ಚುಚ್ಚಿಕೊಂಡ ದಾರದ ತುಂಡಿನಂತಿರುತ್ತದೆ. ಹೀಗೆ ಕಾಣುವುದೆಲ್ಲ ಹೆಣ್ಣೇ. ಗಂಡು ಕೂಡಿದ ಮೇಲೆ ಸಾಯುತ್ತದೆ. ತಲೆ ಲಂಗರಿನಂತೆ ಕವಲೊಡೆದು ಮಾಂಸದೊಳಗೆ ಕೂತಿರುವುದರಿಂದ ಎಳೆದರೆ ದಾರ ಕೈಗೆ ಬರುತ್ತದೆ, ಲಂಗರು ಮೀನಲ್ಲೇ ಉಳಿಯುತ್ತದೆ. ಬಾಲದ ತುದಿಯ ಜೋಡಿ ಚೀಲ ಮೊಟ್ಟೆಗಳದ್ದು.

ಕಡಲಿನಲ್ಲಿ ಶಾರ್ಕ್ ಹಿಡಿಯುವವರ ಕಣ್ಣಿಗೆ ಬೀಳುವುದೂ ಲೆರ್ನಿಯಾದ ನೆಂಟರೇ. ರೆಕ್ಕೆಯ ಅಂಚಿಗೆ ಹತ್ತುವ ಪಾಂಡರಸ್‌ ಅವುಗಳಲ್ಲೊಂದು. ಉತ್ತರದ ತಣ್ಣನೆಯ ನೀರಿನ ಗ್ರೀನ್‌ಲ್ಯಾಂಡ್ ಶಾರ್ಕಿನ ಕಣ್ಣಗುಡ್ಡೆಗೇ ನೇತಾಡುವ ಒಮ್ಮಟೊಕೊಯಿಟಾ ಇನ್ನೊಂದು. ಅದರ ಮುಂದೆ ಕೆರೆಯ ಹೇನು ಸಭ್ಯಸ್ಥನೇ.

ಈ ಹೇನು ಮನುಷ್ಯರಿಗೆ ಹತ್ತುವುದಿಲ್ಲ, ಬೇಯಿಸಿದ ಮೀನಿಗೆ ಇದರಿಂದ ದೋಷವೂ ಇಲ್ಲ. ಆದರೆ ಲೋಟದ ನೀರನ್ನು ಮತ್ತೊಂದು ಕೆರೆಗೆ ಚೆಲ್ಲಬೇಡಿ, ದಡದ ಒಣಮಣ್ಣಿಗೆ ಸುರಿಯಿರಿ. ಬಲೆಯನ್ನೂ ಬಿಸಿಲಿಗೆ ಹಾಕಿ, ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು ನೀರಿಗೆ ಇಳಿಸಿ.