ಕಸಬಾ ಪೇಠೆಯ ಇಪ್ಪತ್ತು ತಿಂಗಳು

ಪುಣೆಯ ಕಸಬಾ ಪೇಠೆ ಅಂದರೆ 1995ರಿಂದ ಬಿಜೆಪಿಯ ಭದ್ರಕೋಟೆ. ಗಿರೀಶ್ ಬಾಪಟ್ ಸತತ ಐದು ಸಲ ಗೆದ್ದ ವಿಧಾನಸಭಾ ಕ್ಷೇತ್ರ. 2009ರಲ್ಲಿ ಮಹಾರಾಷ್ಟ್ರ ನವನಿರ್ಮಾಣ ಸೇನೆಯಿಂದ (ಎಂಎನ್‌ಎಸ್) ಸ್ಪರ್ಧಿಸಿ ಬಾಪಟರೆದುರು ಸೋತವರು ರವೀಂದ್ರ ಧಂಗೇಕರ್. 2014ರಲ್ಲೂ ಅದೇ ಕಥೆ.

ಬಾಪಟರ ನಂತರ ಇಲ್ಲಿ ಗೆದ್ದಿದ್ದ ಬಿಜೆಪಿ ಶಾಸಕಿ ಮುಕ್ತಾ ತಿಲಕ್ ನಿಧನರಾದ ಮೇಲೆ 2023ರ ಫೆಬ್ರವರಿಯಲ್ಲಿ ಉಪಚುನಾವಣೆ ನಡೆಯಿತು. ಬಿಜೆಪಿ ಟಿಕೆಟ್ ತಿಲಕ್ ಮನೆತನಕ್ಕೆ ಸಿಗಲಿಲ್ಲ, ಹೇಮಂತ್ ರಾಸನೆಗೆ ಹೋಯಿತು. ಪೇಠೆಯೊಳಗೆ ಗುಸುಗುಸು ಶುರು. ತೀವ್ರ ಅನಾರೋಗ್ಯದಲ್ಲಿದ್ದ ಬಾಪಟರು ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು, ಗಾಲಿಕುರ್ಚಿಯಲ್ಲಿ ಪ್ರಚಾರಕ್ಕೆ ಬಂದರು. (ಅವರನ್ನು ಆ ಸ್ಥಿತಿಯಲ್ಲಿ ಕರೆತರಬೇಕಿತ್ತೇ ಎಂದು ಹಲವರು ಗೊಣಗಿದ್ದು ಸರಿಯೇ ಇತ್ತು.) ಅಷ್ಟಾದರೂ, ಅಷ್ಟರಲ್ಲಿ ಕಾಂಗ್ರೆಸ್ ಸೇರಿದ್ದ ಧಂಗೇಕರ್ ಸುಮಾರು 11 ಸಾವಿರ ಮತಗಳಿಂದ ಗೆದ್ದರು. ಬಾಪಟ್ ಆ ಮಾರ್ಚ್ 29ರಂದು ತೀರಿಕೊಂಡರು.

ಆಮೇಲಿನದು ಇಳಿಜಾರು. 2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯ ಮುರಳೀಧರ ಮೊಹೋಳ್ ಎದುರು ಧಂಗೇಕರ್‌ಗೆ ಲಕ್ಷಕ್ಕೂ ಹೆಚ್ಚು ಮತಗಳ ಸೋಲು. ನವೆಂಬರಿನ ವಿಧಾನಸಭಾ ಚುನಾವಣೆಯಲ್ಲಿ ಅದೇ ರಾಸನೆ 19 ಸಾವಿರಕ್ಕೂ ಹೆಚ್ಚು ಅಂತರದಿಂದ ಕಸಬಾವನ್ನು ಮರಳಿ ಪಡೆದರು.

2025ರ ಮಾರ್ಚ್‌ನಲ್ಲಿ ಧಂಗೇಕರ್ ಕಾಂಗ್ರೆಸ್ ಬಿಟ್ಟು ಏಕನಾಥ ಶಿಂದೆಯವರ ಶಿವಸೇನೆ ಸೇರಿದರು. ಹೊಸ ಮಿತ್ರಪಕ್ಷ? ಬಿಜೆಪಿಯೇ.