ಗುಳ್ಳೆ ಬಂದ ದಾರಿ

ಮಾರನಹಳ್ಳಿ ದಾಟಿ, ದೋಣಿಗಾಲ್ ಇನ್ನೇನು ಬಂತು ಅನ್ನುವಾಗ ಲಾರಿ ಮೂರನೇ ಸಲ ನಿಂತಿತು. ಹಿಂದೆ ಮಂಗಳೂರು ಹೆಂಚಿನ ಲೋಡು, ತಲೆಯ ಮೇಲೆ ಶಿರಾಡಿಯ ಮಳೆ. ಕ್ಲೀನರ್ ಹುಡುಗ ಹಾರಿಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಡ್ರೈವರಣ್ಣ ಸ್ಟೇರಿಂಗ್ ಮೇಲಿನ ಕೈ ತೆಗೆಯದೆ, "ಇದರ ಹೊಟ್ಟೆಗೆ ಏನೂ ಹೋಗ್ತಿಲ್ಲ," ಅಂದರು.

ಅದು ನಿಜ. ಕಿಡಿ ತಪ್ಪಿದ ಪೆಟ್ರೋಲ್ ಗಾಡಿ ದೀಪ ಆರಿದ ಹಾಗೆ ತಟ್ಟನೆ ನಿಲ್ಲುತ್ತದೆ. ಡೀಸೆಲ್ ಸಿಗದ ಎಂಜಿನ್ನು ಹಾಗಲ್ಲ, ಹಸಿದ ಎತ್ತಿನ ಹಾಗೆ ಮೆಲ್ಲಗೆ ಸೋಲುತ್ತದೆ. ಮೊದಲು ಎಳೆತ ಹೋಗುತ್ತದೆ. ಆಮೇಲೆ ಒಂದೊಂದೇ ಸಿಲಿಂಡರು ತಡವರಿಸುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬಿಟ್ಟುಬಿಟ್ಟು ಬರುತ್ತದೆ, ಕೊನೆಗೆ ಇಡೀ ಕ್ಯಾಬಿನ್ ನಡುಗಿ ಸುಮ್ಮನಾಗುತ್ತದೆ. ಈ ಸೋಲನ್ನು ಕಿವಿಯಿಂದಲೇ ಓದುವುದನ್ನು ಕಲಿತ ಮೇಲೆ ನನಗೆ ಬೇರೆ ಹವ್ಯಾಸ ಬೇಕೆನಿಸಿಲ್ಲ.

ಲಾರಿ ಅಪ್ಪನದು, 1984ರ ಟಾಟಾ 1210. ಹೆಸರಿನಲ್ಲೇ ಅದರ ಜಾತಕವಿದೆ: ಲೋಡು ಸೇರಿ 12 ಟನ್ನು, ಕುದುರೆಶಕ್ತಿ 100ರ ಮೇಲೆ ಚಿಲ್ಲರೆ. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಡೀಸೆಲ್ ನಡೆಯುವ ದಾರಿಯನ್ನು ಬೆರಳಿಟ್ಟು ತೋರಿಸಬಹುದು. ಟ್ಯಾಂಕಿನೊಳಗೆ ಇಳಿಬಿಟ್ಟ ಸಕ್ಷನ್ ಪೈಪು, ಚಾಸಿಯ ಗುಂಟ ಬರುವ ಲೈನು, ಫೀಡ್ ಪಂಪು, ಜೋಡಿ ಫಿಲ್ಟರು, ದೊಡ್ಡ ಪಂಪು, ಅಲ್ಲಿಂದ ಆರು ಪ್ರೆಶರ್ ಪೈಪು, ಆರು ನಾಝಲ್. ಮಿಕ್ಕಿದ್ದು ರಿಟರ್ನ್ ಲೈನಿನಲ್ಲಿ ಮರಳಿ ಟ್ಯಾಂಕಿಗೆ. ಗದ್ದೆಗೆ ನೀರು ಬರದಿದ್ದರೆ ನಮ್ಮ ಕಡೆ ಯಾರೂ ಗದ್ದೆಯಲ್ಲಿ ನಿಂತು ಯೋಚಿಸುವುದಿಲ್ಲ, ತೂಬಿನಿಂದ ಕಾಲುವೆ ಗುಂಟ ನಡೆದು ಬರುತ್ತಾರೆ. ಇಲ್ಲಿಯೂ ಮಾಡಬೇಕಾದ್ದು ಅಷ್ಟೇ.

ಆದರೆ ಈ ಕಾಲುವೆಯ ನಡುವೆ ಒಂದು ಗಡಿಯಿದೆ. ಫೀಡ್ ಪಂಪಿನ ಆಚೆಗೆ ಡೀಸೆಲ್ಲನ್ನು ನೂಕಲಾಗುತ್ತದೆ, ಈಚೆಗೆ ಹೀರಲಾಗುತ್ತದೆ. ನೂಕುವ ಕಡೆ ಎಲ್ಲಾದರೂ ಸಡಿಲವಿದ್ದರೆ ಡೀಸೆಲ್ ಒಸರುತ್ತದೆ, ಧೂಳು ಅಂಟಿ ಕಪ್ಪಗಾಗುತ್ತದೆ, ನಾಲ್ಕು ದಿನದಲ್ಲಿ ಕುರುಡನಿಗೂ ಸಿಗುತ್ತದೆ. ಹೀರುವ ಕಡೆ ಹೊರಗೆ ಏನೂ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹನಿಯಿಲ್ಲ, ವಾಸನೆಯಿಲ್ಲ, ಕಲೆಯಿಲ್ಲ. ನನಗೆ ಪ್ರೀತಿ ಈ ಎರಡನೇ ಕಡೆಯ ಮೇಲೆ.

ಒಂದಿಷ್ಟು ಗಾಳಿಯಿಂದ ಅಷ್ಟು ದೊಡ್ಡ ಎಂಜಿನ್ನಿಗೆ ಏನಾಗುತ್ತದೆ ಎಂದು ಊರಿನವರು ಕೇಳುವುದುಂಟು. ನಾಝಲ್ ಬಾಯಿ ತೆರೆಯಬೇಕಾದರೆ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ ಒತ್ತಡ ಬೇಕು. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ ಎನ್ನಬಹುದು, ಪಂಪಿನ ಪ್ಲಂಜರ್ ಕೊಟ್ಟ ಏಟು ಪೈಪಿನ ಆ ತುದಿಗೆ ಹಾಗೇ ಮುಟ್ಟುತ್ತದೆ. ನಡುವೆ ಗಾಳಿ ಸೇರಿದರೆ ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಪ್ಲಂಜರ್ ಗುದ್ದುತ್ತಲೇ ಇರುತ್ತದೆ, ಗಾಳಿ ಕುಗ್ಗಿ ಹಿಗ್ಗುತ್ತಲೇ ಇರುತ್ತದೆ, ನಾಝಲ್ ತೆರೆಯುವುದೇ ಇಲ್ಲ.

ಆ ಪಂಪಿನ ಮೇಲೆ ಮೈಕೋ ಎಂಬ ಹೆಸರಿದೆ. ಜರ್ಮನಿಯಲ್ಲಿ ಬಾಷ್ ಕಂಪನಿ 1927ರಲ್ಲಿ ಸಾಲುಸಾಲಾಗಿ ತಯಾರಿಸತೊಡಗಿದ ಡೀಸೆಲ್ ಪಂಪಿನ ವಂಶದ್ದು. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಅದನ್ನು ಬೆಂಗಳೂರಿನ ಆಡುಗೋಡಿಯಲ್ಲಿ ಮಾಡಿತು. 2008ರಿಂದ ಆ ಕಂಪನಿಗೂ ಬಾಷ್ ಎಂದೇ ಹೆಸರು, ಆದರೆ ನಮ್ಮ ಶೆಡ್ಡುಗಳಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಒಳಗಿನ ಪ್ಲಂಜರಿಗೂ ಅದರ ಬ್ಯಾರಲ್ಲಿಗೂ ನಡುವೆ ಇರುವ ಜಾಗ ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು ಮಾತ್ರ. ಸೀಲು ಬೇರೆ ಇಲ್ಲ, ಡೀಸೆಲ್ಲೇ ಅದಕ್ಕೆ ಎಣ್ಣೆ. ಜೊತೆಯಾಗಿ ಉಜ್ಜಿ ಕೂಡಿಸಿದ ಜೋಡಿ ಅವು, ಒಂದರ ಪ್ಲಂಜರ್ ಇನ್ನೊಂದಕ್ಕೆ ಹಾಕಿದರೆ ಕೂರುವುದಿಲ್ಲ. ಹಾಗಾಗಿ ರಸ್ತೆಯಲ್ಲಿ ಪಂಪಿಗೆ ಕೈ ಹಾಕಬಾರದೆಂಬುದು ನಮ್ಮ ಮೇಸ್ತ್ರಿಯ ಕಟ್ಟಪ್ಪಣೆ. "ಅದು ಕೆಡೋದು ಕೊನೆಗೆ, ತಮ್ಮಾ. ಮೊದಲು ಟ್ಯಾಂಕಿಗೆ ಕೋಲು ಹಾಕು, ಸ್ಟಾಪ್ ಕೇಬಲ್ ಪೂರಾ ಒಳಗೆ ಹೋಗಿದೆಯಾ ನೋಡು."

ದೋಣಿಗಾಲಿನಲ್ಲಿ ಎರಡನ್ನೂ ನೋಡಿದ್ದಾಯಿತು. ಉಳಿದದ್ದು ಏರ್ ತೆಗೆಯುವುದು. ಈ ಕೆಲಸದ ಸುಖವನ್ನು ಹೇಳಲೇಬೇಕು. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಮೇಲಿನ ಹ್ಯಾಂಡ್ ಪಂಪ್ ತಿರುಗಿಸಿ ಬಿಡಿಸಿ ಒತ್ತತೊಡಗಬೇಕು. ಮೊದಮೊದಲು ಅದು ಹಸಿ ಹಿಟ್ಟಿನ ಹಾಗೆ ಮೆತ್ತಗೆ. ಸ್ಕ್ರೂ ಸಂದಿಯಿಂದ ಚಿರ್ ಚಿರ್ ಎಂದು ನೊರೆ ಬರುತ್ತದೆ. ಒತ್ತುತ್ತಾ ಹೋದಂತೆ ನೊರೆ ತೆಳುವಾಗಿ, ಗುಳ್ಳೆ ದೊಡ್ಡದಾಗಿ, ಆಮೇಲೆ ಬಿಡಿಬಿಡಿಯಾಗಿ, ಒಂದು ಗಳಿಗೆಯಲ್ಲಿ ತಿಳಿಯಾದ ಡೀಸೆಲ್ ಎಳೆ ಬಿಡದೆ ಇಳಿಯುತ್ತದೆ. ಅದೇ ಗಳಿಗೆಯಲ್ಲಿ ಹೆಬ್ಬೆರಳಿನ ಕೆಳಗೆ ಪಂಪು ಗಟ್ಟಿಯಾಗುತ್ತದೆ. ಒತ್ತುವುದನ್ನು ನಿಲ್ಲಿಸದೆ ಇನ್ನೊಂದು ಕೈಯಿಂದ ಸ್ಕ್ರೂ ಬಿಗಿಯಬೇಕು, ಇಲ್ಲವಾದರೆ ಗಾಳಿ ಮತ್ತೆ ನುಗ್ಗುತ್ತದೆ. ಆಮೇಲೆ ದೊಡ್ಡ ಪಂಪಿನ ಸ್ಕ್ರೂ. ಅದಕ್ಕೂ ಜಗ್ಗದಿದ್ದರೆ ಹದಿನೇಳು ಹತ್ತೊಂಬತ್ತರ ಸ್ಪ್ಯಾನರ್ ಹಿಡಿದು ನಾಝಲ್ ಕಡೆಯ ನಟ್ಟುಗಳನ್ನು ಅರ್ಧ ಸುತ್ತು ಬಿಟ್ಟು ಸೆಲ್ಫ್ ಹೊಡೆಯಬೇಕು. ಆಗ ಬೆರಳು ದೂರವಿರಲಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಇಳಿಯುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳೇ ಹೋಗಬಹುದು. ಒಂದೊಂದು ನಟ್ಟು ಬಿಗಿದಂತೆ ಒಂದೊಂದು ಸಿಲಿಂಡರು ಎದ್ದು ದನಿಗೂಡಿಸುತ್ತದೆ. 1-5-3-6-2-4, ಉರಿಯುವ ಸರದಿ. ಆರೂ ಸೇರಿದಾಗಿನ ಆ ಸದ್ದಿಗೆ ಮಳೆಯಲ್ಲಿ ನೆನೆದದ್ದು ಮರೆತುಹೋಗುತ್ತದೆ.

ಅವತ್ತು ಹಾಗೆ ಮನೆ ಮುಟ್ಟಿದೆವು. ರೋಗ ಮಾತ್ರ ಉಳಿಯಿತು. ತಿಂಗಳಿಡೀ ಹುಡುಕಿದೆ. ಫಿಲ್ಟರುಗಳ ಬಟ್ಟೆ ಎಲಿಮೆಂಟು, ಪೇಪರ್ ಎಲಿಮೆಂಟು ಎರಡೂ ಹೊಸತಾದವು. ಫೀಡ್ ಪಂಪಿನ ವಾಲ್ವುಗಳನ್ನು ತೊಳೆದೆ. ತಾಮ್ರದ ವಾಷರುಗಳನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿ ಹಾಕಿದೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರಕ್ಕೆ ಕುಂಬಾರ ಹುಳ ಮಣ್ಣು ಮೆತ್ತಿತ್ತು. ರಂಧ್ರ ಮುಚ್ಚಿದರೆ ಟ್ಯಾಂಕಿನೊಳಗೆ ಎಳೆತ ಹುಟ್ಟಿ ಡೀಸೆಲ್ ಬರುವುದಿಲ್ಲ, ಹಾಗಾಗಿ ಕಳ್ಳ ಸಿಕ್ಕಿದನೆಂದೇ ಕುಣಿದೆ. ಮುಂದಿನ ಟ್ರಿಪ್ಪಿನಲ್ಲಿ ಅದೇ ಏರಿನಲ್ಲಿ ಲಾರಿ ನಿಂತಿತು.

ದಾರಿ ತೋರಿಸಿದ್ದು ಗಾರೆ ಕೆಲಸದವರ ಮಟ್ಟದ ಟ್ಯೂಬು. ಗೋಡೆಯ ಮಟ್ಟ ನೋಡಲು ನೀರು ತುಂಬಿ ಹಿಡಿಯುತ್ತಾರಲ್ಲ, ಆ ಪಾರದರ್ಶಕ ಟ್ಯೂಬು. ಮೊಳದುದ್ದ ಕತ್ತರಿಸಿ, ಫೀಡ್ ಪಂಪಿನ ಮುಂದೆ ಲೈನಿಗೆ ಜೋಡಿಸಿ, ಎರಡೂ ಕಡೆ ಕ್ಲಿಪ್ ಬಿಗಿದು ಎಂಜಿನ್ ಚಾಲೂ ಮಾಡಿದೆವು. ಬ್ಯಾಟರಿ ಬೆಳಕಿನಲ್ಲಿ ಡೀಸೆಲ್ ಹೊಂಬಣ್ಣಕ್ಕೆ ಹೊಳೆಯಿತು. ಅದರೊಳಗೆ ಒಂದು ಗುಳ್ಳೆ. ಅದರ ಹಿಂದೆ ಇನ್ನೊಂದು. ಕಾಣದ ಗಾಳಿ ಕಣ್ಣೆದುರೇ ಮೆರವಣಿಗೆ ಹೊರಟಿತ್ತು. ಟ್ಯೂಬನ್ನು ಬಿಚ್ಚಿ ಬಿಚ್ಚಿ ಹಿಂದೆ ಸರಿಸುತ್ತಾ ಟ್ಯಾಂಕಿನ ಬಾಯಿಗೇ ತಂದೆವು. ಅಲ್ಲೂ ಗುಳ್ಳೆ. ಅಂದರೆ ಹೊರಗಿನ ಲೈನಿನ ತಪ್ಪೇ ಅಲ್ಲ, ಟ್ಯಾಂಕಿನ ಒಳಗಿಂದಲೇ ಗಾಳಿ ಬರುತ್ತಿದೆ.

ಮೇಸ್ತ್ರಿ ಬಹಳ ಹೊತ್ತು ಸುಮ್ಮನಿದ್ದು, "ಡೀಸೆಲ್ ಎಷ್ಟಿದೆ?" ಅಂದರು.

ಅರ್ಧಕ್ಕಿಂತ ಕಡಿಮೆ. ಆಗ ಡ್ರೈವರಣ್ಣ, "ಟ್ಯಾಂಕ್ ತುಂಬಿದ್ದಾಗ ಒಂದು ಸಲವೂ ನಿಂತಿಲ್ಲ. ನಾನು ಹೇಳಿದ್ನಲ್ಲ," ಅಂದರು. ಹೇಳಿದ್ದರು, ಎರಡು ಸಲ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಸಕ್ಷನ್ ಪೈಪನ್ನು ಎಳೆದು ತೆಗೆದೆವು. ಪಂಕ್ಚರ್ ಅಂಗಡಿಯ ಬೋಗುಣಿ ನೀರಿನಲ್ಲಿ ಅದನ್ನು ಮುಳುಗಿಸಿ, ಒಂದು ತುದಿಗೆ ಬೆರಳು ಕೊಟ್ಟು ಇನ್ನೊಂದರಿಂದ ಊದಿದೆ. ಪೈಪಿನ ನಡುಭಾಗದಲ್ಲಿ ಸಾಸಿವೆಯಷ್ಟು ಗುಳ್ಳೆಗಳ ಸಾಲು ಎದ್ದಿತು. ಕೂದಲೆಳೆಯ ಬಿರುಕು. ಡೀಸೆಲ್ ಆ ಬಿರುಕಿನ ಮೇಲಿರುವವರೆಗೆ ಪೈಪು ಡೀಸೆಲ್ಲನ್ನೇ ಹೀರುತ್ತದೆ. ಮಟ್ಟ ಇಳಿದರೆ, ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿದರೆ, ಬಿರುಕು ಬಯಲಾಗಿ ಗಾಳಿ ಕುಡಿಯುತ್ತದೆ. ಮೇಸ್ತ್ರಿ ಪೈಪನ್ನು ಒರೆಸಿ, ಆರಿಸಿ, ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕಿದರು. ಐದು ನಿಮಿಷದ ಕೆಲಸ.

ಮುಂದಿನ ಸಲ ಗುಂಡ್ಯದಲ್ಲಿ ಟ್ಯಾಂಕಿಗೆ ಕೋಲು ಹಾಕಿ ನೋಡಿದೆ. ಒಂದು ಗೇಣೂ ಇರಲಿಲ್ಲ. ಬೇಕೆಂದೇ ಹಾಕಿಸಿರಲಿಲ್ಲ. ಡ್ರೈವರಣ್ಣ ನನ್ನ ಮುಖ ನೋಡಿ, ಏನೂ ಹೇಳದೆ ಗೇರ್ ಹಾಕಿದರು. ಮಾರನಹಳ್ಳಿ ಬಂತು, ಹೋಯಿತು. ಮೂವರಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಂಜಿನ್ನಿನ ದನಿ ಕೇಳುತ್ತಿದ್ದೆವು. ದೋಣಿಗಾಲಿನ ಹತ್ತಿರ, ಚಕ್ರಕ್ಕೆ ಕೊಟ್ಟು ಆಮೇಲೆ ಬದಿಗೆ ಸರಿಸಿಟ್ಟಿದ್ದ ಕಲ್ಲು ಹುಲ್ಲಿನ ನಡುವೆ ಹಾಗೇ ಕೂತಿತ್ತು. ಕ್ಲೀನರ್ ಹುಡುಗ ಕಿಟಕಿಯಿಂದ ಕೈಚಾಚಿ ಅದನ್ನು ತೋರಿಸಿದ, ಲಾರಿ ಅದನ್ನು ದಾಟಿ ಮೇಲೇರಿತು.